ಮುಳುಗಿ ಮೇಲೇಳುವ ಹಡಗುಗಳು: ಮಾದರಿ ಯುದ್ಧನೌಕೆಗಳ ಕಾಳಗಕ್ಕೆ ಒಂದು ಪ್ರವೇಶಿಕೆ

ಆಟವೆಂದರೆ ಕಾಲಹರಣವೆಂದು ಬಗೆಯುವವರು ನಮ್ಮಲ್ಲಿ ಬಹುಮಂದಿ. ಆದರೆ ಎಲ್ಲ ಆಟಗಳೂ ಒಂದೇ ತೂಕದವಲ್ಲ. ಹಣ ತೆತ್ತು ತಂದು, ಒಂದು ಗಳಿಗೆ ಆಡಿ, ಮೂಲೆಗೆ ಎಸೆಯುವ ಆಟಿಕೆ ಒಂದು ಬಗೆ. ತಿಂಗಳುಗಟ್ಟಲೆ ಕುಳಿತು ಕೈಯಾರೆ ಕಟ್ಟಿ, ಅದರ ಗುಣದೋಷಗಳಿಗೆ ತಾನೇ ಹೊಣೆಯಾಗಿ, ಹತ್ತು ಜನರ ಮುಂದೆ ಪರೀಕ್ಷೆಗೆ ಒಡ್ಡುವ ಆಟಿಕೆ ಇನ್ನೊಂದು ಬಗೆ. ಮೊದಲನೆಯದು ಮನಸ್ಸನ್ನು ಚದರಿಸುತ್ತದೆ, ಎರಡನೆಯದು ಕೂಡಿಸುತ್ತದೆ. ಈ ಎರಡನೆಯ ಬಗೆಗೆ ಸೇರಿದ, ನಮ್ಮ ಓದುಗರಲ್ಲಿ ಅನೇಕರು ಹೆಸರನ್ನೂ ಕೇಳಿರಲಾರದ ಹವ್ಯಾಸವೊಂದನ್ನು ಈ ಸಲದ ಅಂಕಣದಲ್ಲಿ ಪರಿಚಯಿಸಬೇಕೆಂದಿದೆ. ಅದು ರೇಡಿಯೋ ನಿಯಂತ್ರಿತ ಮಾದರಿ ಯುದ್ಧನೌಕೆಗಳ ಕಾಳಗ.

ಸಮುದ್ರದಾಚೆ ಮಕ್ಕಳು ಮೊಮ್ಮಕ್ಕಳು ನೆಲೆಸಿರುವ ಮನೆಗಳು ನಮ್ಮಲ್ಲಿ ಈಗ ವಿರಳವಲ್ಲ. ಅಲ್ಲಿಯ ಹುಡುಗನೊಬ್ಬ ‘ಗುಂಡು ಹಾರಿಸುವ ಹಡಗನ್ನು ಕಟ್ಟುತ್ತೇನೆ’ ಎಂದು ಹೇಳಿದಾಗ ಇಲ್ಲಿಯ ಹಿರಿಯರಿಗೆ ಗಾಬರಿಯಾಗುವುದು ಸಹಜ. ಹೌದೆನ್ನುವ ಮೊದಲೂ, ಬೇಡವೆನ್ನುವ ಮೊದಲೂ, ಅದು ಏನೆಂದು ತಿಳಿಯುವುದು ಲೇಸು.

ದೂರದಿಂದಲೇ ದೋಣಿಯನ್ನು ನಡೆಸುವ ವಿದ್ಯೆ ಹೊಸದೇನೂ ಅಲ್ಲ. ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ೧೮೯೮ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ ನೀರಿನ ತೊಟ್ಟಿಯೊಂದನ್ನು ಇರಿಸಿ, ತಂತಿಯ ನಂಟಿಲ್ಲದೆ ಪುಟ್ಟ ದೋಣಿಯೊಂದನ್ನು ತಿರುಗಿಸಿ ತೋರಿಸಿದನು. ಅದೇ ವರ್ಷದ ನವೆಂಬರಿನಲ್ಲಿ ಅದಕ್ಕೆ ಹಕ್ಕುಪತ್ರವನ್ನೂ ಪಡೆದನು. ಆ ಬೀಜ ಹವ್ಯಾಸಿಗಳ ಕೈಯಲ್ಲಿ ಮರವಾಗಲು ದಶಕಗಳೇ ಬೇಕಾದವು. ೧೯೭೦ರ ದಶಕದ ಕೊನೆಯಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಕೆಲವು ಹವ್ಯಾಸಿಗಳು, ಮಾದರಿ ಹಡಗುಗಳು ಕೇವಲ ತೇಲಿದರೆ ಸಾಲದು, ನಿಜವಾಗಿ ಪರಸ್ಪರ ಗುಂಡು ಹಾರಿಸಿ ಮುಳುಗಿಸಬೇಕೆಂದು ಯೋಚಿಸಿ ನಿಯಮಗಳನ್ನು ರಚಿಸತೊಡಗಿದರು. ಇಂದು ಅಮೆರಿಕದ ಹಲವು ಪ್ರಾಂತಗಳಲ್ಲಿಯೂ, ಆಸ್ಟ್ರೇಲಿಯದಲ್ಲಿಯೂ ಇದನ್ನು ಆಡುವ ಸಂಘಗಳಿವೆ.

ಆಟದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ. ಇಪ್ಪತ್ತನೆಯ ಶತಮಾನದ ಆರಂಭದಿಂದ ಎರಡನೆಯ ಮಹಾಯುದ್ಧದ ಅಂತ್ಯದ ಸುಮಾರಿನವರೆಗಿನ ನೈಜ ಯುದ್ಧನೌಕೆಗಳನ್ನೇ ಆಯ್ದುಕೊಂಡು, ಅವುಗಳ ೧೪೪ನೆಯ ಒಂದು ಪಾಲಿನಷ್ಟು ಅಳತೆಯಲ್ಲಿ ಕಟ್ಟಬೇಕು. ಅಂದರೆ ನಿಜವಾದ ಹಡಗಿನ ೧೨ ಅಡಿ ಮಾದರಿಯಲ್ಲಿ ಒಂದು ಅಂಗುಲ. ಹಡಗಿನ ಪಕ್ಕಗಳಿಗೆ ಬಾಲ್ಸಾ ಎಂಬ ಅತಿ ಹಗುರವಾದ ಮರದ ತೆಳುಹಾಳೆಯ ಹೊದಿಕೆ. ಒಳಗೆ ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡದಿಂದ ಕೆಲಸ ಮಾಡುವ ಪುಟ್ಟ ತೋಪುಗಳು. ಅವು ಹಾರಿಸುವ ಲೋಹದ ಗುಂಡುಗಳು ಆ ಹೊದಿಕೆಯನ್ನು ತೂತುಮಾಡುತ್ತವೆ, ತೂತಿನಿಂದ ನೀರು ನುಗ್ಗುತ್ತದೆ, ಹಡಗು ಮುಳುಗುತ್ತದೆ. ದಡದಲ್ಲಿ ನಿಂತ ನಾಯಕರು ಕೈಯಲ್ಲಿ ಪ್ರೇಷಕವನ್ನು ಹಿಡಿದು ವೇಗವನ್ನೂ ಚುಕ್ಕಾಣಿಯನ್ನೂ ತೋಪುಗಳನ್ನೂ ನಿಯಂತ್ರಿಸುತ್ತಾರೆ.

ಇದರಲ್ಲಿ ಎರಡು ಮುಖ್ಯ ಪಂಥಗಳಿವೆ. ‘ಫಾಸ್ಟ್ ಗನ್’ ಎಂಬ ಪಂಥದಲ್ಲಿ ದೊಡ್ಡ ಹಡಗಾಗಲಿ ಚಿಕ್ಕ ಹಡಗಾಗಲಿ ಎಲ್ಲ ತೋಪುಗಳಿಗೂ ಒಂದೇ ಗಾತ್ರದ, ಸುಮಾರು ನಾಲ್ಕೂವರೆ ಮಿಲಿಮೀಟರ್ ದಪ್ಪದ ಗುಂಡು, ಹೊದಿಕೆಯೂ ಒಂದು ಮಿಲಿಮೀಟರಿಗಿಂತ ತೆಳು, ಓಟವೂ ಚುರುಕು. ‘ಬಿಗ್ ಗನ್’ ಎಂಬ ಪಂಥದಲ್ಲಿ ನಿಜವಾದ ಹಡಗಿನ ತೋಪಿನ ಗಾತ್ರಕ್ಕೆ ತಕ್ಕಂತೆ ಗುಂಡಿನ ಗಾತ್ರವೂ, ಕವಚಕ್ಕೆ ತಕ್ಕಂತೆ ಹೊದಿಕೆಯ ದಪ್ಪವೂ ಬದಲಾಗುತ್ತವೆ; ನಡೆ ಗಂಭೀರ. ಮೊದಲನೆಯದರಲ್ಲಿ ಆಟದ ಸೊಗಸು ಹೆಚ್ಚು. ಎರಡನೆಯದರಲ್ಲಿ ಇತಿಹಾಸದ ಅನುಕರಣ ಹೆಚ್ಚು. ಯಾವುದು ಮೇಲೆಂಬ ವಾದಕ್ಕೆ ಹೊಸಬನು ಇಳಿಯಬೇಕಾಗಿಲ್ಲ. ತನ್ನ ಊರಿಗೆ ಹತ್ತಿರದ ಸಂಘ ಯಾವ ಪಂಥದ್ದೋ ಅದೇ ಅವನಿಗೆ ಶ್ರೇಷ್ಠ, ಜೊತೆಗಾರರಿಲ್ಲದೆ ಕಾಳಗವಿಲ್ಲ.

ಇನ್ನು ಆರಂಭದ ಕ್ರಮ. ಮೊದಲ ಹೆಜ್ಜೆ ಅಂಗಡಿಗೆ ಹೋಗುವುದಲ್ಲ. ಕೊಳದ ದಡಕ್ಕೆ ಹೋಗುವುದು. ಒಂದು ದಿನದ ಕಾಳಗವನ್ನು ಕಣ್ಣಾರೆ ನೋಡಿ, ಆ ಸಂಘದ ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಹೊಸಬರಿಗೆ ತಮ್ಮ ಹಡಗನ್ನೇ ಒಂದು ಸುತ್ತಿಗೆ ಎರವಲು ಕೊಡುವ ಉದಾರ ಪದ್ಧತಿ ಅನೇಕ ಸಂಘಗಳಲ್ಲಿದೆ. ಕಲಿಸುವವರ ಬಳಿ ಕುಳಿತು ಕಲಿತದ್ದು ಪುಸ್ತಕದಿಂದ ಕಲಿತದ್ದಕ್ಕಿಂತ ಬೇಗ ಕೈಗೆ ಹತ್ತುತ್ತದೆ.

ಎರಡನೆಯ ಹೆಜ್ಜೆ ಹಡಗಿನ ಆಯ್ಕೆ. ಇಲ್ಲಿ ಆಸೆ ದಾರಿ ತಪ್ಪಿಸುತ್ತದೆ. ಜಪಾನಿನ ‘ಯಮಾಟೊ’ದಂಥ ಮಹಾನೌಕೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ೨೬೩ ಮೀಟರ್ ಉದ್ದದ ಆ ಹಡಗಿನ ಮಾದರಿ ಆರು ಅಡಿಯಷ್ಟಾಗಿ, ಹೊರಲು ಇಬ್ಬರು ಬೇಕಾಗುತ್ತಾರೆ. ತೀರ ಚಿಕ್ಕದಾದ ವಿಧ್ವಂಸಕ ನೌಕೆಯಲ್ಲಿ ಯಂತ್ರಗಳನ್ನು ಇರಿಸಲು ಸ್ಥಳವಿಲ್ಲ, ತೂಕಕ್ಕೂ ಆಸ್ಪದವಿಲ್ಲ. ಮಧ್ಯಮ ಗಾತ್ರದ ಅಗಲವಾದ ಹಡಗು ಹೊಸಬನಿಗೆ ಹಿತ. ಉದಾಹರಣೆಗೆ ಜರ್ಮನಿಯ ‘ಫಾನ್ ಡೆರ್ ಟಾನ್’ ಎಂಬ ಸಮರನೌಕೆಯನ್ನು ತೆಗೆದುಕೊಳ್ಳೋಣ. ಅದರ ಉದ್ದ ಸುಮಾರು ೧೭೨ ಮೀಟರ್, ಅಗಲ ೨೬.೬ ಮೀಟರ್. ೧೪೪ರಿಂದ ಭಾಗಿಸಿದರೆ ಮಾದರಿಯ ಉದ್ದ ಸುಮಾರು ೧೧೯ ಸೆಂಟಿಮೀಟರ್, ಅಗಲ ಹದಿನೆಂಟೂವರೆ ಸೆಂಟಿಮೀಟರ್. ಒಬ್ಬನೇ ಎತ್ತಿಕೊಂಡು ಹೋಗಬಹುದಾದ ಅಳತೆ.

ತೂಕದ ಲೆಕ್ಕ ಮಾತ್ರ ಹಾಗಲ್ಲ. ಉದ್ದ ೧೪೪ರ ಪಾಲಿಗೆ ಇಳಿದಾಗ ಮೇಲ್ಮೈ ೧೪೪ರ ವರ್ಗಕ್ಕೆ, ಅಂದರೆ ೨೦,೭೩೬ನೆಯ ಪಾಲಿಗೆ ಇಳಿಯುತ್ತದೆ. ಗಾತ್ರವೂ ತೂಕವೂ ೧೪೪ರ ಘನಕ್ಕೆ, ಅಂದರೆ ೨೯,೮೫,೯೮೪ನೆಯ ಪಾಲಿಗೆ ಇಳಿಯುತ್ತವೆ. ಸುಮಾರು ೧೯,೪೦೦ ಟನ್ ತೂಗುತ್ತಿದ್ದ ಆ ನೌಕೆಯ ಮಾದರಿ ಆರೂವರೆ ಕಿಲೋಗ್ರಾಂ ತೂಗಬೇಕು. ಅದಕ್ಕಿಂತ ಭಾರವಾದರೆ ಹಡಗು ತನ್ನ ಜಲರೇಖೆಗಿಂತ ಕೆಳಗೆ ಕುಳಿತೀತು. ಹಗುರವಾದರೆ ಮೇಲೆದ್ದು ಹೊಯ್ದಾಡೀತು. ಒಡಲು, ಬ್ಯಾಟರಿ, ಮೋಟಾರು, ಅನಿಲದ ಶೀಸೆ, ತೋಪು, ಗುಂಡು, ನೀರೆತ್ತುವ ಪಂಪು ಎಲ್ಲವೂ ಆ ಆರೂವರೆ ಕಿಲೋದೊಳಗೇ ಅಡಕವಾಗಬೇಕು. ಘನಮೂಲವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಬಾಲಕನಿಗೆ ಇಲ್ಲಿ ಅದು ಮರೆಯದಂತೆ ಮನದಟ್ಟಾಗುತ್ತದೆ.

ಮೂರನೆಯ ಹೆಜ್ಜೆ ಕಟ್ಟೋಣ. ಒಡಲನ್ನು ಎರಡು ರೀತಿಯಲ್ಲಿ ಮಾಡಬಹುದು: ಪ್ಲೈವುಡ್ಡಿನ ಪಕ್ಕೆಲುಬುಗಳನ್ನು ಕತ್ತರಿಸಿ ಅಡಿಮರದ ಮೇಲೆ ನಿಲ್ಲಿಸುವುದು ಒಂದು, ಸಿದ್ಧವಾದ ಫೈಬರ್‌ಗ್ಲಾಸ್ ಒಡಲನ್ನು ತಂದು ಪಕ್ಕಗಳಲ್ಲಿ ಕಿಟಕಿಗಳನ್ನು ಕೊರೆಯುವುದು ಇನ್ನೊಂದು. ಹೊಸಬನಿಗೆ ಎರಡನೆಯದು ಸುಲಭ. ಕಿಟಕಿಗಳ ಮೇಲೆ ಬಾಲ್ಸಾ ಹಾಳೆಯನ್ನು ಅಂಟಿಸಿ, ತೆಳುಕಾಗದವನ್ನು ಹೊದಿಸಿ, ಬಣ್ಣ ಬಳಿದರೆ ಹಡಗು ಸಿದ್ಧ. ರೇಡಿಯೋ ಉಪಕರಣಗಳನ್ನು ನೀರು ಸೇರದ ಪೆಟ್ಟಿಗೆಯಲ್ಲಿ ಭದ್ರಪಡಿಸಬೇಕು. ಏಕೆಂದರೆ ಈ ಆಟದಲ್ಲಿ ಮುಳುಗುವುದು ಅಪಘಾತವಲ್ಲ, ನಿರೀಕ್ಷಿತ ಘಟನೆ. ಬ್ಯಾಟರಿಯಂಥ ಭಾರದ ವಸ್ತುಗಳನ್ನು ಆದಷ್ಟು ತಳದಲ್ಲಿ, ನಡುರೇಖೆಯ ಮೇಲೆ ಇರಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಹಡಗಿನೊಳಗೆ ಬಂದ ನೀರು ತನ್ನ ತೂಕದಿಂದಷ್ಟೇ ಹಡಗನ್ನು ಕೆಡಿಸುವುದಿಲ್ಲ. ಹಡಗು ಎಡಕ್ಕೆ ವಾಲಿದರೆ ಒಳಗಿನ ನೀರೂ ಎಡಕ್ಕೆ ಹರಿದು, ವಾಲಿದ್ದನ್ನು ಇನ್ನೂ ವಾಲಿಸುತ್ತದೆ. ಆದುದರಿಂದ ಬಲ್ಲವರು ಒಡಲ ತಳವನ್ನು ಹಗುರವಾದ ವಸ್ತುವಿನಿಂದ ತುಂಬಿ, ನಡುವೆ ಒಂದು ಇಕ್ಕಟ್ಟಾದ ಕಾಲುವೆಯನ್ನು ಮಾತ್ರ ಬಿಟ್ಟು, ನೀರೆಲ್ಲ ಅದರಲ್ಲಿಯೇ ಹರಿದು ಪಂಪಿನ ಬಾಯಿಗೆ ಸೇರುವಂತೆ ಮಾಡುತ್ತಾರೆ. ಪಂಪಿಗೂ ಮಿತಿಯುಂಟು. ಫಾಸ್ಟ್ ಗನ್ ಪಂಥದಲ್ಲಿ ಹೊರಗೊಳವೆಯ ರಂಧ್ರ ಸಾಮಾನ್ಯವಾಗಿ ಅಂಗುಲದ ಎಂಟನೆಯ ಒಂದು ಪಾಲನ್ನು ಮೀರುವಂತಿಲ್ಲ. ಬರುವ ನೀರು ಹೋಗುವ ನೀರಿಗಿಂತ ಹೆಚ್ಚಾದ ಕ್ಷಣದಿಂದ ಮುಳುಗಡೆಯ ಎಣಿಕೆ ಆರಂಭವಾಗುತ್ತದೆ.

ತೋಪುಗಳನ್ನು ಮೊದಲ ಹಡಗಿಗೆ ಸ್ವತಃ ತಯಾರಿಸುವ ಸಾಹಸ ಬೇಡ. ಅನುಭವಿಗಳು ಮಾಡಿದವನ್ನು ಕೊಂಡು, ಅವರ ಎದುರಿನಲ್ಲಿಯೇ ಜೋಡಿಸುವುದು ಕ್ಷೇಮ. ಗುಂಡನ್ನು ನಳಿಕೆಯಲ್ಲಿ ತಡೆದು ಹಿಡಿಯುವುದು ಒಂದು ಸಣ್ಣ ರಬ್ಬರ್ ಬಳೆ. ಅನಿಲದ ಒತ್ತಡ ಅದನ್ನು ಮೀರಿದಾಗ ಗುಂಡು ಹಾರುತ್ತದೆ. ಒಂದು ತೋಪಿಗೆ ಸಾಮಾನ್ಯವಾಗಿ ೫೦ ಗುಂಡುಗಳು. ಆರಂಭದಲ್ಲಿ ಒಂದೆರಡು ತೋಪುಗಳು ಸಾಕು. ಹಡಗು ಓಡಬೇಕು, ತಿರುಗಬೇಕು, ನೀರನ್ನು ಹೊರಹಾಕಬೇಕು. ಈ ಮೂರೂ ಸರಿಯಾದ ಮೇಲೆ ಗುಂಡಿನ ಯೋಚನೆ.

ಕಾಳಗದ ಅಂತ್ಯದಲ್ಲಿ ತೂತುಗಳ ಎಣಿಕೆ ನಡೆಯುತ್ತದೆ. ಜಲರೇಖೆಗಿಂತ ಮೇಲಿನ ತೂತಿಗೆ ೧೦ ಅಂಕ, ರೇಖೆಯ ಮೇಲಿನದಕ್ಕೆ ೨೫, ಕೆಳಗಿನದಕ್ಕೆ ೫೦ ಎಂಬುದು ಫಾಸ್ಟ್ ಗನ್ ಪಂಥದ ವಾಡಿಕೆ. ಮುಳುಗಿದರೆ ಅದರ ಅಂಕ ಬೇರೆ. ಪ್ರತಿ ಹಡಗಿಗೂ ದಾರದ ತುದಿಯಲ್ಲಿ ತೇಲುವ ಗುರುತೊಂದನ್ನು ಕಟ್ಟಿರುತ್ತಾರೆ. ಹಡಗು ತಳ ಸೇರಿದಾಗ ಅದು ಬಿಡಿಸಿಕೊಂಡು ಮೇಲೆ ಬಂದು, ಇಲ್ಲಿದೆ ಎಂದು ತೋರಿಸುತ್ತದೆ. ಒಡೆಯ ನೀರಿಗಿಳಿದು ಹಡಗನ್ನು ಎತ್ತಿ, ಒಣಗಿಸಿ, ತೂತುಗಳಿಗೆ ತೇಪೆ ಹಚ್ಚಿ ಮತ್ತೆ ನೀರಿಗೆ ಬಿಡುತ್ತಾನೆ. ಮುಳುಗಿಸಿದವನೇ ಅಂಟನ್ನೂ ಬಿಡಿಭಾಗಗಳನ್ನೂ ಕೊಟ್ಟು ನೆರವಾಗುವುದು ಈ ಹವ್ಯಾಸಿಗಳಲ್ಲಿ ಸಾಮಾನ್ಯ ನಡತೆ.

ಸುರಕ್ಷತೆಯ ವಿಷಯದಲ್ಲಿ ರಾಜಿ ಸಲ್ಲದು. ದಡದಲ್ಲಿರುವ ಪ್ರತಿಯೊಬ್ಬರೂ, ನೋಡಲು ಬಂದ ಅಜ್ಜಿಯೂ ಸೇರಿ, ಕಣ್ಣಿಗೆ ರಕ್ಷಾಕನ್ನಡಕ ಧರಿಸಿರಬೇಕು. ಹಡಗು ನೀರಿಗಿಳಿಯುವವರೆಗೆ ತೋಪಿನ ಬಾಯಿಗೆ ತಡೆ ಇರಬೇಕು. ಮೇಲೆತ್ತುವ ಮುನ್ನ ಆ ತಡೆ ಮರಳಿ ಬರಬೇಕು. ಮಕ್ಕಳು ಹಿರಿಯರ ಸಮಕ್ಷಮದಲ್ಲಿ ಮಾತ್ರ ಆಡಬೇಕು. ಅನಿಲದ ಒತ್ತಡವಿರುವ ಶೀಸೆಯನ್ನು ಬಿಸಿಲಿನ ಕಾರಿನಲ್ಲಿ ಬಿಟ್ಟು ಹೋಗಬಾರದು. ಈ ನಿಯಮಗಳನ್ನು ನಗೆಯಾಡುವ ಸಂಘವಿದ್ದರೆ ಅಲ್ಲಿಂದ ಮಗುವನ್ನು ಕೈಹಿಡಿದು ಕರೆತರುವುದೇ ತಂದೆತಾಯಿಗಳ ಕರ್ತವ್ಯ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ಎಲ್ಲಕ್ಕಿಂತ ದೊಡ್ಡದು. ಯುದ್ಧವನ್ನು ಆಟವಾಗಿಸುವುದು ಧರ್ಮವೇ? ಮೇಲೆ ಹೇಳಿದ ‘ಫಾನ್ ಡೆರ್ ಟಾನ್’ ನೌಕೆಯನ್ನೇ ನೆನೆಯಿರಿ. ೧೯೧೬ರ ಮೇ ೩೧ರಂದು, ಉತ್ತರ ಸಮುದ್ರದ ಜಟ್‌ಲ್ಯಾಂಡ್ ಕಾಳಗದಲ್ಲಿ, ಅದರ ಗುಂಡುಗಳು ಬ್ರಿಟನ್ನಿನ ‘ಇನ್‌ಡಿಫ್ಯಾಟಿಗಬಲ್’ ನೌಕೆಗೆ ತಾಗಿದವು. ಮದ್ದಿನ ಕೋಠಿ ಸಿಡಿದು ಆ ಹಡಗು ನಿಮಿಷಗಳಲ್ಲಿ ಇಲ್ಲವಾಯಿತು. ಮಡಿದವರು ೧,೦೧೭ ಮಂದಿ, ಉಳಿದವರು ಇಬ್ಬರು. ಅಲ್ಲಿ ತೇಲುವ ಗುರುತನ್ನು ಹಿಡಿದು ಹಡಗನ್ನು ಎತ್ತುವವರು ಇರಲಿಲ್ಲ. ಮುಳುಗಿಸಿದ ಹಡಗಾದರೂ ಬಾಳಿತೇ? ಯುದ್ಧ ಮುಗಿದ ಮೇಲೆ ಸ್ಕಾಪಾ ಫ್ಲೋ ಎಂಬ ಬ್ರಿಟಿಷ್ ನೆಲೆಯಲ್ಲಿ ಸೆರೆಯಾಗಿದ್ದ ಅದನ್ನು ೧೯೧೯ರ ಜೂನ್ ೨೧ರಂದು ಅದರ ನಾವಿಕರೇ ಮುಳುಗಿಸಿದರು. ೧೯೩೦ರಲ್ಲಿ ಅದನ್ನು ಮೇಲೆತ್ತಿದ್ದು ಗುಜರಿಗಾಗಿ.

ಈ ಇತಿಹಾಸವನ್ನು ಅರಿಯದೆ ಆಡಿದರೆ ಆಟ ಬರಿಯ ಗದ್ದಲ; ಮನಸ್ಸು ಹಿಂಸೆಗೆ ಒಗ್ಗಿಕೊಳ್ಳುವ ಭಯವೂ ಉಂಟು. ಅರಿತು ಆಡಿದರೆ ಅದೇ ಆಟ ಪಾಠವಾಗುತ್ತದೆ. ಆದುದರಿಂದ ಈ ಹವ್ಯಾಸವನ್ನು ಕೈಗೊಳ್ಳುವ ಎಳೆಯರಿಗೆ ಮನೆಯ ಹಿರಿಯರು ಒಂದೇ ಒಂದು ನಿಬಂಧನೆ ಹಾಕಲಿ: ಯಾವ ಹಡಗನ್ನು ಕಟ್ಟುತ್ತೀಯೋ ಅದರ ಚರಿತ್ರೆಯನ್ನು ನಿನ್ನ ಕೈಬರಹದಲ್ಲಿ ಒಂದು ಪುಸ್ತಕದಲ್ಲಿ ಬರೆ, ಅದು ಎಷ್ಟು ಜನರನ್ನು ಕೊಂದಿತು, ಅದರಲ್ಲಿದ್ದ ಎಷ್ಟು ಜನ ಸತ್ತರು ಎಂಬುದನ್ನೂ ಬರೆ, ಆಮೇಲೆ ಬಣ್ಣ ಬಳಿ. ಇಷ್ಟನ್ನು ಮಾಡಿದ ಹುಡುಗ ಗೆದ್ದಾಗ ಉಬ್ಬಲಾರ, ಎದುರಾಳಿಯನ್ನು ಹೀಯಾಳಿಸಲಾರ.

ನಮ್ಮ ನಾಡಿನ ಮಕ್ಕಳಿಗೆ ಗುಂಡಿನ ಕಾಳಗ ಬೇಕಾಗಿಯೂ ಇಲ್ಲ. ಗುಂಡು ಹಾರಿಸುವ ಯಾವುದೇ ಉಪಕರಣದ ವಿಷಯದಲ್ಲಿ ಇಲ್ಲಿಯ ಕಾನೂನನ್ನು ಮೊದಲು ವಿಚಾರಿಸುವುದು ಅವಶ್ಯ. ಆದರೆ ಹಡಗು ಕಟ್ಟುವ ವಿದ್ಯೆಗೆ ತಡೆಯಿಲ್ಲ. ಎನ್.ಸಿ.ಸಿ.ಯ ನೌಕಾ ವಿಭಾಗದಲ್ಲಿ ಮಾದರಿ ಹಡಗುಗಳ ನಿರ್ಮಾಣ ಅಭ್ಯಾಸದ ಒಂದು ಅಂಗವೇ ಆಗಿದೆ; ಅದರಲ್ಲಿ ಸ್ಪರ್ಧೆಗಳೂ ನಡೆಯುತ್ತವೆ. ಕಾರವಾರದ ಕಡಲತಡಿಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಚಪಲ್’ ಎಂಬ ಕ್ಷಿಪಣಿ ದೋಣಿಯನ್ನು ಮಕ್ಕಳಿಗೆ ತೋರಿಸಿ, ಮನೆಗೆ ಬಂದು ರಟ್ಟಿನಲ್ಲಿಯೋ ಮರದಲ್ಲಿಯೋ ಅದರ ಪ್ರತಿಕೃತಿಯನ್ನು ಅಳತೆಗೆ ಸರಿಯಾಗಿ ಕಟ್ಟಿಸಿದರೆ ರಜೆಯ ದಿನಗಳು ಸಾರ್ಥಕವಾಗುವುವು. ಮೊದಲ ಹಡಗು ವಾಲಬಹುದು, ಮುಳುಗಲೂಬಹುದು. ಆಗ ಗದರಿಸದೆ ಪಕ್ಕದಲ್ಲಿ ಕುಳಿತು, ಭಾರ ಎಲ್ಲಿ ಹೆಚ್ಚಾಯಿತೆಂದು ಮಗುವೇ ಕಂಡುಕೊಳ್ಳುವವರೆಗೆ ಕಾಯುವ ತಾಳ್ಮೆ ಹಿರಿಯರಿಗಿರಲಿ.