ಐದು ನಿಮಿಷದ ಅಧಿಕಾರ

ಕಂಪ್ಯೂಟರಿನ ಸರ್ವಾಧಿಕಾರವನ್ನು ಪಡೆಯಬಯಸುವವರಿಂದ ಯಂತ್ರವು ಪಾಸ್‌ವರ್ಡನ್ನು ಕೇಳುವುದು ನ್ಯಾಯವೇ ಸರಿ. ಆದರೆ ಒಮ್ಮೆ ಕೇಳಿದ ಮೇಲೆ ಎಷ್ಟು ಹೊತ್ತು ಮತ್ತೆ ಕೇಳದಿರಬಹುದು? ಇದು ಯಂತ್ರಜ್ಞರಿಗೆ ಮಾತ್ರ ಸೇರಿದ ವಿಷಯವೆಂಬ ಭಾವನೆಯನ್ನು ನಾವು ಒಪ್ಪಲಾರೆವು. ಪ್ರಜೆಗಳ ಕಾಗದಪತ್ರಗಳು ಕಂಪ್ಯೂಟರುಗಳನ್ನು ಸೇರಿರುವ ಈ ಕಾಲದಲ್ಲಿ, ಬೀಗದ ಕೈ ಯಾರ ವಶದಲ್ಲಿ ಎಷ್ಟು ಹೊತ್ತು ಇರತಕ್ಕದ್ದೆಂಬುದು ಸಾರ್ವಜನಿಕ ವಿಚಾರವೇ ಆಗಿದೆ.

ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಈ ಅಧಿಕಾರವನ್ನು ದೊರಕಿಸಿಕೊಡುವುದು ‘ಸುಡೊ’ ಎಂಬ ಸಾಧನ. 1980ರ ಸುಮಾರಿನಲ್ಲಿ ಅಮೆರಿಕದ ಬಫಲೊ ನಗರದ ವಿಶ್ವವಿದ್ಯಾನಿಲಯದಲ್ಲಿ ಇದು ಹುಟ್ಟಿತು. ಇದು ಪಾಸ್‌ವರ್ಡನ್ನೇ ನೆನಪಿನಲ್ಲಿಟ್ಟುಕೊಳ್ಳುವುದೆಂಬುದು ತಪ್ಪು ತಿಳಿವಳಿಕೆ. ಇಂಥವರು ಇಂಥ ವೇಳೆಯಲ್ಲಿ ಅದನ್ನು ಸರಿಯಾಗಿ ಕೊಟ್ಟರೆಂಬ ಗುರುತನ್ನು ಮಾತ್ರ ಬರೆದಿಡುವುದು. ಮೂಲ ನಿಯಮದಂತೆ ಆ ಗುರುತಿನ ಅವಧಿ 5 ನಿಮಿಷ, ಉಬುಂಟುವಿನಲ್ಲಿ 15. ಪ್ರತಿಸಲ ಬಳಸಿದಾಗಲೂ ಅವಧಿಯು ಹೊಸದಾಗಿ ಆರಂಭವಾಗುವುದು.

ಈ ಸೌಕರ್ಯವೇ ಬೇಡವೆಂಬವರೂ ಉಂಟು. ಆದರೆ ಹೆಜ್ಜೆಹೆಜ್ಜೆಗೂ ತಡೆದು ಕೇಳಿದರೆ ಮನುಷ್ಯನು ಓದದೆ ಒಪ್ಪಿಗೆ ಕೊಡುವುದನ್ನು ರೂಢಿಮಾಡಿಕೊಳ್ಳುವನು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಪದೇ ಪದೇ ಅನುಮತಿ ಕೇಳಿ ಜನರನ್ನು ಬೇಸರಗೊಳಿಸಿತು. 2009ರ ವಿಂಡೋಸ್ 7ರಲ್ಲಿ ಆ ಕೇಳಿಕೆಗಳನ್ನು ಕಡಿಮೆಮಾಡಬೇಕಾಯಿತು. ಅತಿಯಾದ ಕಾವಲು ಕಾವಲುಗಾರನನ್ನೇ ನಿದ್ರೆಗೆ ನೂಕುವುದು.

ಹಾಗೆಂದು ಸೌಕರ್ಯವು ನಿರಪಾಯವಲ್ಲ. ಯಜಮಾನನು ಎದ್ದುಹೋದ ಕುರ್ಚಿಯಲ್ಲಿ ಕುಳಿತವನಿಗೆ ಆ ಐದು ನಿಮಿಷವೇ ಸಾಕು. ಗುರುತನ್ನು ನಂಬುವುದರಲ್ಲಿ ಬೇರೊಂದು ಅಪಾಯವೂ ಉಂಟೆಂಬುದು 2013ರಲ್ಲಿ ಬೆಳಕಿಗೆ ಬಂದಿತು. ಗುರುತನ್ನು ರದ್ದುಪಡಿಸಿದಾಗ ಸುಡೊ ಅದರ ವೇಳೆಯನ್ನು 1970ರ ಆರಂಭಕ್ಕೆ ಒಯ್ದಿಡುತ್ತಿತ್ತು. ಯಂತ್ರದ ಗಡಿಯಾರವನ್ನೂ ಅದೇ ದಿನಕ್ಕೆ ತಿರುಗಿಸಬಲ್ಲವನಿಗೆ ರದ್ದಾದ ಅಧಿಕಾರವು ಮರಳಿ ದೊರೆಯುತ್ತಿತ್ತು. ಆ ದೋಷವನ್ನು ಅದೇ ವರ್ಷ ತಿದ್ದಿದರು. ಅದು ಕಲಿಸಿದ ಪಾಠವು ಮಾತ್ರ ಇಂದಿಗೂ ಸಲ್ಲುವುದು.

ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ಅವಧಿಯನ್ನು ನಿರ್ಧರಿಸಬೇಕಾದುದು ಯಂತ್ರದ ವಾಡಿಕೆಯಲ್ಲ, ಆ ಕುರ್ಚಿಯ ಬಳಿಗೆ ಯಾರು ಬರಬಲ್ಲರೆಂಬ ವಿಚಾರ. ಒಬ್ಬರೇ ಬಳಸುವ ಮನೆಯ ಯಂತ್ರಕ್ಕೆ ಐದು ನಿಮಿಷವು ಯುಕ್ತವಾದುದೇ. ಹಲವರು ಓಡಾಡುವ ಕಚೇರಿಯಲ್ಲಿ ಅದನ್ನು ಸೊನ್ನೆಗಿಳಿಸುವುದು ಮೇಲು. ಆಗ ಪ್ರತಿಸಲವೂ ಪಾಸ್‌ವರ್ಡ್ ಕೊಡಬೇಕಾಗುವುದು. ಕೆಲಸ ಮುಗಿದೊಡನೆ ‘ಸುಡೊ -ಕೆ’ ಎಂಬ ಆಜ್ಞೆಯಿಂದ ಗುರುತನ್ನು ಅಳಿಸಬಹುದು. ಏಳುವ ಮುನ್ನ ಪರದೆಗೆ ಬೀಗ ಹಾಕಲು ಎರಡು ಕ್ಷಣವೂ ಹಿಡಿಯದು. ಖಜಾನೆಯ ಬಾಗಿಲನ್ನು ತೆರೆದಿಟ್ಟು ಊಟಕ್ಕೆ ಹೋಗುವ ಅಧಿಕಾರಿಯನ್ನು ಯಾರೂ ಕ್ಷಮಿಸರು. ಕಂಪ್ಯೂಟರಿನ ಮುಂದೆ ಕುಳಿತವರೂ ಅದೇ ಹೊಣೆಯನ್ನು ಹೊತ್ತವರೆಂಬುದನ್ನು ಮರೆಯಲಾಗದು.