ಮದ್ದಿನಮನೆಯ ಕೀಲಿ ಯಾರ ಕೈಯಲ್ಲಿತ್ತು?

ನಾಗಪುರದ ಸೀತಾಬರ್ಡಿ ಕೋಟೆಯ ಮಾತು ಬಂದಾಗ ನಾವು ಕನ್ನಡಿಗರು ಹೆಮ್ಮೆಯಿಂದ ಹೇಳುವುದುಂಟು: 'ನಮ್ಮ ಟಿಪ್ಪುವಿನ ಮೊಮ್ಮಗನನ್ನು ಗಲ್ಲಿಗೇರಿಸಿದ್ದು ಅಲ್ಲಿಯೇ.' ಕೋಟೆಯೊಳಗಿನ ಒಂಬತ್ತು ಗೋರಿಗಳು ನವಾಬ್ ಕಾದರ್ ಅಲಿ ಮತ್ತು ಅವನ ಎಂಟು ಸಂಗಡಿಗರವೆಂಬುದು ಸ್ಥಳೀಯರ ನಂಬಿಕೆ. ಆ ಗೋರಿಗಳಿಗೆ ಸಲ್ಲುವ ಗೌರವಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು, ಪುರಾವೆ ಕೇಳದೆಯೇ ನಂಟು ಕಟ್ಟುವ ನಮ್ಮ ಆತುರದ ಬಗ್ಗೆ. ಇದೇ ಕೋಟೆಯಲ್ಲಿ 1923ರಲ್ಲಿ ಗಾಂಧೀಜಿ ಸೆರೆಯಲ್ಲಿದ್ದರೆಂದೂ ಬರೆಯುತ್ತಾರೆ. ಆ ವರ್ಷವಿಡೀ ಅವರು ಇದ್ದದ್ದು ಪುಣೆಯ ಯೆರವಡಾ ಜೈಲಿನಲ್ಲಿ!

ಟಿಪ್ಪುವಿನ ಮಕ್ಕಳನ್ನು ಕಂಪನಿ ಮೊದಲು ವೆಲ್ಲೂರಿನಲ್ಲಿಟ್ಟು, 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಿತು. ಅಲ್ಲಿಂದ ನಾಗಪುರಕ್ಕೆ ಒಬ್ಬ ಮೊಮ್ಮಗ ಬಂದದ್ದು ಹೇಗೆಂದು ಹೇಳುವ ಹೊಣೆ ಕಥೆ ಹೇಳುವವರದು.

ದಕ್ಷಿಣದೊಡನೆ ಈ ಕೋಟೆಗಿರುವ ದಾಖಲಾದ ನಂಟು ಬೇರೆಯೇ. 1817ರ ನವೆಂಬರ್ 26-27ರಂದು ಅಪ್ಪಾಸಾಹೇಬ ಭೋಸಲೆಯ ಸೈನ್ಯದೆದುರು ಸೀತಾಬರ್ಡಿಯ ಗುಡ್ಡವನ್ನು ಕಂಪನಿಗೆ ಉಳಿಸಿಕೊಟ್ಟವರಲ್ಲಿ ಮದರಾಸು ಸಿಪಾಯಿಗಳು ಮುಖ್ಯರು. ವೆಲ್ಲೂರಿನ ದಂಗೆಗಾಗಿ ತನ್ನ ಹಳೆಯ ಸಂಖ್ಯೆಯನ್ನು ಕಳೆದುಕೊಂಡಿದ್ದ ಪಲ್ಟನ್ನೊಂದು ಇಲ್ಲಿ ತೋರಿದ ನಿಷ್ಠೆಗಾಗಿ ಅದನ್ನು ಮರಳಿ ಪಡೆಯಿತು.

1854ರಲ್ಲಿ ಡಾಲ್‌ಹೌಸಿ ನಾಗಪುರವನ್ನು ನುಂಗಿದ. 1857ರ ಹೊತ್ತಿಗೆ ಸೀತಾಬರ್ಡಿ ಕಂಪನಿಯ ಆಯುಧಾಗಾರವಾಗಿತ್ತು: ತೋಪು, ಬಂದೂಕು, ಮದ್ದುಗುಂಡು ಎಲ್ಲವೂ ಅಲ್ಲಿ. ಆ ಮದ್ದಿನಮನೆ ಯಾರ ವಶವೋ ಊರು ಅವರ ವಶ. ಜೂನ್ 13ರಂದು ತಾಕಳಿಯ ಅಶ್ವದಳದವರು ಊರಿನ ಕೆಲವರೊಡಗೂಡಿ ಬಂಡೇಳಲು ಸಿದ್ಧರಾಗಿದ್ದರು. ಸಂಚು ಮುಂಚೆಯೇ ಬಯಲಾಯಿತು. ಆಯುಧಾಗಾರ ಕಂಪನಿಯ ಕೈತಪ್ಪಲಿಲ್ಲ. ದಳವನ್ನು ನಿಶ್ಶಸ್ತ್ರಗೊಳಿಸಿದ್ದು ಕಾಮ್ಟಿ ದಂಡಿನಿಂದ ಬಂದ ಮದರಾಸು ಸೈನ್ಯದ ಬಲದಿಂದ. ಮುಂದಾಳುಗಳು ಕೋಟೆಯ ಗೋಡೆಯ ಮೇಲೆ ಗಲ್ಲಿಗೇರಿದರು.

ಹೀಗೆ ದಕ್ಷಿಣದಿಂದ ಬಂದವರು ನಿಂತಿದ್ದು ನೇಣಿನ ಹಗ್ಗದ ಈಚೆ ತುದಿಯಲ್ಲಿ. ಇದು ನಮಗೆ ಹಿತವಲ್ಲ. ಆದ್ದರಿಂದಲೇ ಆಚೆ ತುದಿಯಲ್ಲೊಬ್ಬ ನೆಂಟನನ್ನು ಹುಡುಕಿಕೊಂಡಿದ್ದೇವೆ. ಸತ್ತವರಿಗೂ ಇದು ಅನ್ಯಾಯ. ಅವರು ಈ ನೆಲದವರು, ಈ ಊರಿಗಾಗಿ ಸತ್ತವರು. ಗೌರವ ಪಡೆಯಲು ಅವರಿಗೆ ಶ್ರೀರಂಗಪಟ್ಟಣದ ರಕ್ತವೇಕೆ ಬೇಕು?

ಸೈನ್ಯದ ವಶದಲ್ಲಿರುವ ಈ ಕೋಟೆಗೆ ಸಾರ್ವಜನಿಕರ ಪ್ರವೇಶ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದಂತಹ ಕೆಲವೇ ದಿನಗಳಲ್ಲಿ. ಆ ದಿನ ಮಕ್ಕಳನ್ನು ಕರೆದೊಯ್ಯುವವರು ಗೋರಿಗಳ ಮುಂದೆ ಕೈಮುಗಿಸಲಿ. ಮದ್ದಿನಮನೆಯನ್ನು ಯಾರಿಗಾಗಿ ಯಾರು ಕಾದರೆಂಬುದನ್ನೂ ಅಲ್ಲಿಯೇ ಹೇಳಲಿ.