ಕೈಗುಣ ಮತ್ತು ಗೋಡೆಯ ಮೇಲಿನ ಹಾಳೆ

ನಮ್ಮ ಕಡೆ ವೈದ್ಯರನ್ನು ಹೊಗಳುವಾಗ ಅವರ ಪದವಿಗಳನ್ನು ಯಾರೂ ಎಣಿಸುವುದಿಲ್ಲ. ‘ಅವರ ಕೈಗುಣ ಒಳ್ಳೆಯದು’ ಎಂದರೆ ಮುಗಿಯಿತು. ಭದ್ರಾವತಿಯ ಹಳೇನಗರದಲ್ಲೂ ನ್ಯೂಟೌನಿನಲ್ಲೂ ಈ ಮಾತನ್ನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಜ್ವರಕ್ಕೆ, ಕೆಮ್ಮಿಗೆ ಕೈಗುಣವನ್ನು ನಂಬಬಹುದು, ನಾನೂ ನಂಬುವವನೇ. ಆದರೆ ಹೃದಯಾಘಾತದ ವಿಷಯದಲ್ಲಿ ಈ ನಂಬಿಕೆ ನಮ್ಮವರ ಪ್ರಾಣಕ್ಕೇ ಎರವಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಶಿಷ್ಯರಲ್ಲಿ ಅನೇಕರು ಈಗ ಐವತ್ತು ದಾಟಿದ್ದೀರಿ; ಆದ್ದರಿಂದ ತುಸು ನಿಷ್ಠುರವಾಗಿಯೇ ಬರೆಯುತ್ತೇನೆ.

1990ರ ದಶಕದಲ್ಲಿ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟರಿಗೆ ಒಂದು ಭಾನುವಾರ ಎದೆ ಬಿಗಿಯಿತು. ಮೊದಲು ಗ್ಯಾಸ್ ಎಂದು ಸೋಡಾ ಕುಡಿಸಿದರು. ಆಮೇಲೆ ಮನೆಯವರು ತಮಗೆ ನಂಬಿಕೆಯಿದ್ದ ವೈದ್ಯರೇ ಆಗಬೇಕೆಂದು ಕಾದರು. ಆ ಪುಣ್ಯಾತ್ಮರು ಮದುವೆಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಇಸಿಜಿ ಯಂತ್ರವಿದ್ದ ಆಸ್ಪತ್ರೆ ಎರಡು ಬೀದಿಯಾಚೆಗಿತ್ತು. ವೈದ್ಯರು ಸಂಜೆ ಓಡೋಡಿ ಬಂದರು. ಅವರ ಕೈಗುಣಕ್ಕೆ ಆಗ ಮಾಡಲು ಕೆಲಸವೇನೂ ಉಳಿದಿರಲಿಲ್ಲ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿದರೆ ಆ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಆಗ ಮಾಡಬೇಕಾದದ್ದನ್ನು ಜಗತ್ತಿನ ಹೃದ್ರೋಗ ತಜ್ಞರು ಒಂದು ಕ್ರಮವಾಗಿ ಬರೆದಿಟ್ಟಿದ್ದಾರೆ. ರೋಗಿ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ನಾಳ ಪೂರ್ತಿ ಮುಚ್ಚಿದೆಯೆಂದು ಗೊತ್ತಾದರೆ, 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವೇ ಎಂದು ನೋಡಬೇಕು. ಸಾಧ್ಯವಿಲ್ಲದಿದ್ದರೆ, ಹಿಂದೆ ಪಾರ್ಶ್ವವಾಯು, ರಕ್ತಸ್ರಾವ ಏನಾದರೂ ಆಗಿತ್ತೇ ಎಂದು ವಿಚಾರಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು, ಬಳಿಕ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಇದರಲ್ಲಿ ಪ್ರತಿಭೆಗಿಂತ ಕ್ರಮಕ್ಕೇ ಹೆಚ್ಚು ಕೆಲಸ.

ನಮ್ಮ ಭೂಗೋಳದಲ್ಲಿ ಈ ಕ್ರಮದ ಅರ್ಥ ಊರಿಂದೂರಿಗೆ ಬದಲಾಗುತ್ತದೆ. ಭದ್ರಾವತಿಯಿಂದ ಶಿವಮೊಗ್ಗ ಸುಮಾರು 20 ಕಿಲೋಮೀಟರು, ದಾರಿ ದೊಡ್ಡದಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಅಲ್ಲಿ ಆಂಜಿಯೋಪ್ಲಾಸ್ಟಿ ಮಾಡುವ ತಂಡ ಎಚ್ಚರವಾಗಿರುತ್ತದೆಯೇ, ಹೊರಡುವ ಮೊದಲು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಹಗಲಿನಲ್ಲೇ ನಿಶ್ಚಯಿಸಿ ಬರೆದಿಟ್ಟಿರಬೇಕು. ಹೊಸನಗರದ, ಸೊರಬದ ಒಳಹಳ್ಳಿಯವರಿಗೆ ಆ ಲೆಕ್ಕಾಚಾರವೇ ಬೇರೆ. ಅವರಿಗೆ ಚುಚ್ಚುಮದ್ದು ಹತ್ತಿರದಲ್ಲೇ ಸಿಕ್ಕಬೇಕು.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ‘ಹೃದಯ ಜ್ಯೋತಿ’ ಯೋಜನೆ ಇದೇ ತತ್ತ್ವದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿರುವ ತಜ್ಞರು ಓದಿ ಹೇಳುತ್ತಾರೆ. ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹಳೆಯ ಸ್ಟ್ರೆಪ್ಟೋಕೈನೇಸನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಹನಿಹನಿಯಾಗಿ ಬಿಡಬೇಕಿತ್ತು. ಇದು ಕೆಲವೇ ಸೆಕೆಂಡುಗಳ ಕೆಲಸ. ಇದಕ್ಕೂ ಮುಂಚೆಯೇ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರಗಳನ್ನು ಹಂಚಿ, ವಾಟ್ಸ್ಆ್ಯಪ್ ಮೂಲಕ ಸಲಹೆ ನೀಡುವ ಕೆಲಸ ಆರಂಭಿಸಿದ್ದರು.

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದಳು: ‘ಸಾರ್, ಕೆಲವು ಡಾಕ್ಟರಿಗೆ ಈ ಹಾಳೆ ಕಂಡರಾಗದು. ಅಡುಗೆ ಪುಸ್ತಕ ನೋಡಿ ವೈದ್ಯ ಮಾಡಬೇಕೇ ಅನ್ನುತ್ತಾರೆ.’ ಮೇಷ್ಟರಾದ ನನಗೆ ಈ ಜಗಳ ಹೊಸದಲ್ಲ. ಪಾಠಯೋಜನೆ ಬರೆಯಿರಿ ಎಂದಾಗ ನಾವೂ ಹೀಗೆಯೇ ಗೊಣಗಿದೆವು. ಉತ್ತಮ ಶಿಕ್ಷಕನಿಗೆ ಅದು ಬೇಕಿರಲಿಲ್ಲವೇನೋ; ಆತ ರಜೆ ಹಾಕಿದ ದಿನ ತರಗತಿಗೆ ಬಂದ ಹೊಸಬನಿಗೆ ಬೇಕಾಗಿತ್ತು. ಗೋಡೆಯ ಹಾಳೆಯೂ ಹಾಗೆಯೇ. ವೈದ್ಯರಿಗಾಗಿ ಕಾಯದೆ ಇಸಿಜಿ ತೆಗೆಯುವ ಅಧಿಕಾರವನ್ನು ಅದು ಆ ಹುಡುಗಿಗೆ ಕೊಡುತ್ತದೆ. ಉಕ್ಕಿನ ಕುಲುಮೆಯ ಮುಂದೆ ಪಾಳಿ ಮಾಡಿದವರ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಮುಂದಾಳುಗಳಾಗಿದ್ದ, ದೇಶದ 89 ಕೇಂದ್ರಗಳ 20,468 ರೋಗಿಗಳ ಅಧ್ಯಯನವೊಂದು 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ನನ್ನನ್ನು ಕಲಕಿದ್ದು ಅದರ ಒಂದು ಅಂಶ. ಮೂವತ್ತು ದಿನಗಳೊಳಗೆ ಸತ್ತವರು ಬಡವರಲ್ಲಿ ಶೇ. 8.2, ಸಿರಿವಂತರಲ್ಲಿ ಶೇ. 5.5. ಬಡವರಿಗೆ ಸಿಕ್ಕ ಚಿಕಿತ್ಸೆಯೇ ಕಡಿಮೆ. ಚಿಕಿತ್ಸೆಯ ಅಂತರವನ್ನು ಲೆಕ್ಕದಿಂದ ಸರಿದೂಗಿಸಿದಾಗ ಸಾವಿನ ಅಂತರವೂ ಮಾಯವಾಯಿತು! ಬರೆದಿಟ್ಟ ಕ್ರಮಕ್ಕೆ ಬಂದವನು ಗುತ್ತಿಗೆ ಕಾರ್ಮಿಕನೋ ಅಡಿಕೆ ಮಂಡಿಯ ಧಣಿಯೋ ಎಂಬುದು ತಿಳಿಯದು. ನಾನು ಇದರ ಪರ ನಿಲ್ಲುವುದು ಮುಖ್ಯವಾಗಿ ಈ ಕಾರಣಕ್ಕೆ.

ಹಾಳೆ ಅಂಟಿಸಿದ ಮಾತ್ರಕ್ಕೆ ಪವಾಡವಾಗದು, ಅದನ್ನೂ ಹೇಳಬೇಕು. ಕೇರಳದ 63 ಆಸ್ಪತ್ರೆಗಳಲ್ಲಿ ಇಂಥ ಪಟ್ಟಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದಾಗ, ಔಷಧಗಳ ಬಳಕೆ ಸುಧಾರಿಸಿತ್ತಾದರೂ ಸಾವು ಮತ್ತು ತೊಡಕುಗಳಲ್ಲಿ ಖಚಿತವೆನ್ನುವಷ್ಟು ಇಳಿಕೆ ಸಿದ್ಧವಾಗಲಿಲ್ಲ. ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡವಕ್ಕೆ, ಆಂಬ್ಯುಲೆನ್ಸಿಗೆ ಜೋಡಿಸಿದಾಗ ಒಂದು ವರ್ಷದೊಳಗಿನ ಸಾವು ಶೇ. 17.6ರಿಂದ 14.2ಕ್ಕೆ ಇಳಿಯಿತು. ಅಂದರೆ ಹಾಳೆಯ ಹಿಂದೆ ಔಷಧವೂ ವಾಹನವೂ ಇರಬೇಕು.

ರೋಗಿಯೂ ಬೇಗ ಬರಬೇಕು. ಲ್ಯಾನ್ಸೆಟ್‌ನ ಅದೇ ಅಧ್ಯಯನದಲ್ಲಿ ನೋವು ಆರಂಭವಾಗಿ ಆಸ್ಪತ್ರೆ ತಲುಪುವ ಅವಧಿಯ ಮಧ್ಯಾಂಕ 360 ನಿಮಿಷ. ಆಸ್ಪತ್ರೆಯೊಳಗೆ ಹೆಪ್ಪು ಕರಗಿಸುವ ಔಷಧಕ್ಕೆ ಹಿಡಿದದ್ದು 50 ನಿಮಿಷ. ಆರು ಗಂಟೆಯನ್ನು ನಾವು ಸೋಡಾದಲ್ಲಿ, ಓಮದ ನೀರಿನಲ್ಲಿ, ಕೈಗುಣದ ಹುಡುಕಾಟದಲ್ಲಿ ಕಳೆಯುತ್ತೇವೆ. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ ಜನ ಬೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಏನಿದೆ ಎಂದು ಕೇಳಿದವರು ಎಷ್ಟು ಮಂದಿ?

ಆ ವರ್ಷದ ಜುಲೈನಲ್ಲಿ ಹೃದಯ ಜ್ಯೋತಿಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ಆದ್ದರಿಂದ ಒಂದು ಮನೆಪಾಠ ಕೊಡುತ್ತೇನೆ. ಊರಿಗೆ ಬಂದಾಗ, ಅಪ್ಪ ಅಮ್ಮ ಆರೋಗ್ಯವಾಗಿರುವಾಗಲೇ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸಿ: ರಾತ್ರಿ ಪಾಳಿಯಲ್ಲಿ ಇಸಿಜಿ ತೆಗೆಯುವವರು ಯಾರು, ಆ ಚುಚ್ಚುಮದ್ದು ಈಗ ಕಪಾಟಿನಲ್ಲಿದೆಯೇ, ಇಲ್ಲಿಂದ ಮುಂದೆ ಕಳುಹಿಸುವುದು ಎಲ್ಲಿಗೆ. ಉತ್ತರವನ್ನು ಮನೆಯ ಫೋನಿನ ಪಕ್ಕ, 108ರ ಕೆಳಗೆ ಬರೆದಿಡಿ. ಸಿಕ್ಕ ಉತ್ತರವೇನೆಂದು ನನಗೂ ಎರಡು ಸಾಲು ಬರೆಯಿರಿ; ಊರಿನ ಹೆಸರು ಮರೆಯಬೇಡಿ.